ಕಾರಿಗೆ ಗ್ಯಾಸ್: ಲಾಭ ಯಾರಿಗೆ, ತಲೆನೋವು ಯಾರಿಗೆ?

ಹಾಸನ: ರಾಜ್ಯದಲ್ಲಿ ಪೆಟ್ರೋಲ್ ಬೆಲೆ ಲೀಟರಿಗೆ ನೂರು ರೂಪಾಯಿ ದಾಟಿದ್ದು 2021ರಲ್ಲಿ. ಅಂದಿನಿಂದ ಕಾರಿಟ್ಟುಕೊಂಡ ಅಂಗಡಿಯವರಿಗೆ ಗ್ಯಾರೇಜಿನಲ್ಲಿ ಸಿಗುವ ಬುದ್ಧಿಮಾತು ಒಂದೇ: “ಗ್ಯಾಸ್ ಹಾಕಿಸ್ಬಿಡಿ ಸಾಹುಕಾರ್ರೇ, ಅರ್ಧಕ್ಕರ್ಧ ದುಡ್ಡು ಉಳಿಯುತ್ತೆ.” ಮಾತು ಕೇಳಲು ಹಿತವಾಗಿದೆ. ಆದರೆ ಲೆಕ್ಕ ಹಾಗೆ ಹೇಳುವುದಿಲ್ಲ.

ಪೆಟ್ರೋಲ್‌ಗಿಂತ ಗ್ಯಾಸ್ ಅಗ್ಗ ಎಂಬುದು ನಿಜವೇ. ಆದರೆ ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋದಷ್ಟು ತೂಗಿದರೆ, ಒಂದು ಲೀಟರ್ ಎಲ್‌ಪಿಜಿ ಅರ್ಧ ಕಿಲೋಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಲೀಟರಿನಲ್ಲಿ ಸರಕೇ ಕಡಿಮೆ ಇದ್ದ ಮೇಲೆ ಮೈಲೇಜೂ ಕಡಿಮೆಯೇ. ಅದೂ ಅಲ್ಲದೆ, ಬೆಳಿಗ್ಗೆ ತಣ್ಣಗಿರುವ ಇಂಜಿನ್ನು ಪೆಟ್ರೋಲಿನಲ್ಲೇ ಸ್ಟಾರ್ಟ್ ಆಗಿ, ಬಿಸಿಯಾದ ಮೇಲಷ್ಟೇ ಗ್ಯಾಸಿಗೆ ತಿರುಗಬೇಕು. ಪೆಟ್ರೋಲ್ ಟ್ಯಾಂಕನ್ನು ಪೂರ್ತಿ ಒಣಗಿಸುವಂತಿಲ್ಲ.

ಕೂಡಿ ಕಳೆದು ನೋಡಿದರೆ

ಲೆಕ್ಕಕ್ಕೆ ಸುಲಭವಾಗಲೆಂದು ಪೆಟ್ರೋಲಿಗೆ 100 ರೂಪಾಯಿ, ಗ್ಯಾಸಿಗೆ 65 ರೂಪಾಯಿ ಎಂದಿಟ್ಟುಕೊಳ್ಳಿ. ಪೆಟ್ರೋಲಿನಲ್ಲಿ ಲೀಟರಿಗೆ 15 ಕಿ.ಮೀ. ಓಡುವ ಕಾರು ಗ್ಯಾಸಿನಲ್ಲಿ 12 ಕಿ.ಮೀ. ಓಡಿತು ಎನ್ನಿ. ಪೆಟ್ರೋಲಿನಲ್ಲಿ ಕಿಲೋಮೀಟರಿಗೆ 6 ರೂಪಾಯಿ 67 ಪೈಸೆ, ಗ್ಯಾಸಿನಲ್ಲಿ 5 ರೂಪಾಯಿ 42 ಪೈಸೆ. ಉಳಿದದ್ದು ಒಂದೂಕಾಲು ರೂಪಾಯಿ. “ಅರ್ಧಕ್ಕರ್ಧ” ಎಲ್ಲಿ ಹೋಯಿತು?

ಕಿಟ್ಟಿಗೆ 30,000 ರೂಪಾಯಿ ತೆತ್ತರೆ ಆ ಹಣ ವಾಪಸು ಬರಲು ಕಾರು 24,000 ಕಿ.ಮೀ. ಓಡಬೇಕು. ಬೇಲೂರಿನಿಂದ ಹಾಸನಕ್ಕೆ ದಿನಾ ಬಂದು ಹೋಗುವವನಿಗೆ ದಿನಕ್ಕೆ 80 ಕಿ.ಮೀ. ಆಯಿತು, ಮುನ್ನೂರು ದಿನದಲ್ಲಿ ಅಸಲು ಕೈಗೆ ಬಂತು, ಮುಂದಿನದೆಲ್ಲ ಲಾಭ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎಂದು ದಿನಕ್ಕೆ 10 ಕಿ.ಮೀ. ಓಡಿಸುವವನಿಗೆ? ಆರೂವರೆ ವರ್ಷ! ಕಾರು ಆಗಲೇ ಹನ್ನೆರಡು ವರ್ಷದ್ದಾಗಿದ್ದರೆ, ಅಸಲು ಬರುವ ಮೊದಲೇ ಹದಿನೈದು ವರ್ಷದ ಆರ್.ಸಿ. ನವೀಕರಣ ಎದುರಾಗುತ್ತದೆ.

ಬಂಕ್ ಎಲ್ಲಿದೆ?

ಕಿಟ್ ಮಾರುವವನು ಹೇಳದೆ ಬಿಡುವ ಪ್ರಶ್ನೆ ಇದು. ಗ್ಯಾಸ್ ಟ್ಯಾಂಕನ್ನು ನೂರಕ್ಕೆ 80 ಭಾಗ ಮಾತ್ರ ತುಂಬಬೇಕು. ಬಿಸಿಲಿಗೆ ಹಿಗ್ಗಲು ಜಾಗ ಬೇಕಲ್ಲ. 38 ಲೀಟರಿನ ಟ್ಯಾಂಕಿಗೆ ಹಿಡಿಸುವುದು ಮೂವತ್ತೇ ಲೀಟರ್, ಅಂದರೆ 360 ಕಿ.ಮೀ. ದಾರಿ. ಗ್ಯಾಸ್ ಬಂಕ್ 20 ಕಿ.ಮೀ. ಆಚೆ ಇದ್ದು, ಗ್ಯಾಸಿಗೆಂದೇ ಹೋಗಿ ಬರಬೇಕಾದರೆ ಅದರಲ್ಲಿ 40 ಕಿ.ಮೀ. ವ್ಯರ್ಥ. ಉಳಿದ 320 ಕಿ.ಮೀ.ಗೆ ಉಳಿತಾಯ 400 ರೂಪಾಯಿ; ಬಂಕಿಗೆ ಓಡಾಡಿದ ಖರ್ಚು 217! ಬೆಂಗಳೂರಿನ ಆಟೋದವರಿಗೆ ಗ್ಯಾಸ್ ಹಿಡಿಸಿದ್ದು ಸುಮ್ಮನೆ ಅಲ್ಲ. ಅವರ ಗಾಡಿ ದಿನವಿಡೀ ಓಡುತ್ತದೆ, ಬಂಕೂ ಊರೊಳಗೇ ಇದೆ. ಎರಡರಲ್ಲಿ ಒಂದು ತಪ್ಪಿದರೂ ಲೆಕ್ಕ ಕೆಟ್ಟಿತು.

ಅಡುಗೆಮನೆಯ ದಾರಿ

ಬಂಕ್ ದೂರವಾದಾಗ ಕಣ್ಣು ಎಲ್ಲಿಗೆ ಹೋಗುತ್ತದೆ? ಮನೆಯ 14.2 ಕಿಲೋ ಸಿಲಿಂಡರಿನ ಮೇಲೆ. ಅದರಿಂದ ಮೋಟಾರ್ ಹಚ್ಚಿ ಕಾರಿಗೆ ಗ್ಯಾಸ್ ಎಳೆಯುವುದು ಗೊತ್ತಿಲ್ಲದ ವಿದ್ಯೆಯೇನಲ್ಲ. ವಾಹನಕ್ಕೆ ಎಲ್‌ಪಿಜಿ ಬಳಸಲು ಸರ್ಕಾರ 2000ದಲ್ಲಿ ಕಾಯಿದೆ ತಿದ್ದಿ, 2001ರಲ್ಲಿ ಪ್ರತ್ಯೇಕ ಆದೇಶ ಹೊರಡಿಸಿ ಅವಕಾಶ ಕೊಟ್ಟಿತು, ಸರಿ. ಆದರೆ ಅಡುಗೆ ಸಿಲಿಂಡರಿನ ಗ್ಯಾಸನ್ನು ಕಾರಿಗೆ ತುಂಬುವುದು ಅಂದೂ ಅಪರಾಧ, ಇಂದೂ ಅಪರಾಧ.

ಕಾಯಿದೆಯ ಮಾತು ಒತ್ತಟ್ಟಿಗಿರಲಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹಾರಿಹೋಗದು. ನೆಲ ಹಿಡಿದು ಹರಿದು, ಶೆಡ್ಡಿನ ಮೂಲೆಯಲ್ಲಿ ಕೂರುತ್ತದೆ. ಪಕ್ಕದಲ್ಲೇ ಓಡುತ್ತಿರುವ ಮೋಟಾರಿನ ಒಂದು ಕಿಡಿ ಸಾಕು. ಆ ವ್ಯಾನಿನಲ್ಲಿ ಸ್ಕೂಲ್ ಮಕ್ಕಳು ಕೂರುತ್ತಾರೆ; ಬಸ್ಸು ತಪ್ಪಿದವರೂ ಹತ್ತಿಕೊಳ್ಳುತ್ತಾರೆ. ಉಳಿತಾಯ ಮಾಲೀಕನದು, ಅಪಾಯ ಕೂತವರದು. ಇದು ಯಾವ ನ್ಯಾಯ?

ಆದ್ದರಿಂದ ಬಾಡಿಗೆ ವ್ಯಾನಿನೊಳಗೆ ಗ್ಯಾಸ್ ವಾಸನೆ ಬಂದರೆ ಪ್ರಯಾಣಿಕರು ಮೂಗು ಮುಚ್ಚಿಕೊಂಡು ಕೂರಬೇಕಾಗಿಲ್ಲ. ಸೋರಿದ್ದು ತಿಳಿಯಲೆಂದೇ ಆ ವಾಸನೆ ಬೆರೆಸಿರುತ್ತಾರೆ. “ನಿಲ್ಸಪ್ಪಾ” ಎಂದು ಇಳಿದುಬಿಡುವುದೇ ಜಾಣತನ.

ಇಷ್ಟಾದರೂ ಹಾಕಿಸುವವರು

ದಿನಾ ದೂರ ಓಡುವವರು, ದಾರಿಯಲ್ಲೇ ಬಂಕ್ ಇರುವವರು ಹಾಕಿಸಲಿ, ತಪ್ಪಿಲ್ಲ. ಆದರೆ ನಾಲ್ಕು ಕೆಲಸ ಬಿಡುವಂತಿಲ್ಲ. ಕಿಟ್ ತಮ್ಮ ಮಾದರಿಯ ಕಾರಿಗೆ ಮಂಜೂರಾದದ್ದೇ ಎಂದು ಕಾಗದ ಕೇಳಿ ನೋಡಬೇಕು. ಆರ್.ಟಿ.ಓ. ಕಚೇರಿಯಲ್ಲಿ ಆರ್.ಸಿ. ಪುಸ್ತಕಕ್ಕೆ ಸೇರಿಸಬೇಕು. ಇನ್ಶೂರೆನ್ಸಿನವರಿಗೆ ತಿಳಿಸಿ ಪಾಲಿಸಿಯಲ್ಲಿ ಬರೆಸಬೇಕು. ಕಳ್ಳ ಕಿಟ್ಟಿನ ಕಾರು ಸುಟ್ಟರೆ ಕ್ಲೇಮು ಕೈ ತಪ್ಪೀತು. ಐದು ವರ್ಷಕ್ಕೊಮ್ಮೆ ಟ್ಯಾಂಕಿನ ಪರೀಕ್ಷೆ ಆಗಲೇಬೇಕು. ಡಿಕ್ಕಿಯ ಜಾಗ ಟ್ಯಾಂಕಿಗೆ ಹೋಗುತ್ತದೆ ಎಂಬುದನ್ನೂ ಸಂತೆ ಸಾಮಾನು ಹೇರುವವರು ಮರೆಯಬಾರದು.

ಉಳಿದವರು? ಗ್ಯಾರೇಜಿಗೆ ಹೋಗುವ ಮೊದಲು ಒಂದು ತಿಂಗಳು ದಿನದ ಕಿಲೋಮೀಟರ್ ಬರೆದಿಡಲಿ. ಹತ್ತಿರದ ಗ್ಯಾಸ್ ಬಂಕ್ ಎಷ್ಟು ದೂರ ಎಂದು ಮೀಟರ್ ನೋಡಿಕೊಂಡೇ ಹೋಗಿ ಬರಲಿ. ಅಂಗಡಿಯ ಖಾತೆ ಪುಸ್ತಕದಲ್ಲಿ ಒಂದು ಪೈಸೆ ಬಿಡದವರು ಕಾರಿನ ವಿಷಯದಲ್ಲಿ ಮಾತ್ರ ಬಾಯಿಮಾತಿನ ಲೆಕ್ಕ ನಂಬುವುದೇಕೆ?