‘ಸರ್ವರ್ ಡೌನ್’ ಅಂದ್ರೆ ಮುಗೀತಾ? ತಡವಾದ್ರೆ ದಿನಕ್ಕೆ 100 ರೂಪಾಯಿ ಕೊಡ್ಬೇಕು

ಗಿರಾಕಿ ಸ್ಕ್ಯಾನ್ ಮಾಡ್ತಾರೆ, ಖಾತೆಯಿಂದ ದುಡ್ಡು ಕಟ್ ಆಗುತ್ತೆ, ಅಂಗಡಿಯ ಸೌಂಡ್ ಬಾಕ್ಸ್ ಮಾತ್ರ ಉಸಿರೆತ್ತಲ್ಲ. ಸಂತೆ ದಿನ ಇದು ಮಾಮೂಲಿ. ಹಿಂದೆ ನಾಲ್ಕು ಜನ ಕಾಯ್ತಿರ್ತಾರೆ, ವಾದ ಯಾಕೆ ಅಂತ ಗಿರಾಕಿ ಮತ್ತೆ ನೋಟು ಕೊಡ್ತಾರೆ. ಇಲ್ಲವೇ ಪರಿಚಯದವರು ಅಂತ ಅಂಗಡಿಯವರೇ ಬಿಟ್ಟುಕೊಡ್ತಾರೆ.

ಆಮೇಲೆ ನೆಪಗಳ ಸರದಿ. ಬ್ಯಾಂಕಿಗೆ ಹೋದರೆ ‘ಸರ್ವರ್ ಡೌನ್ ಇತ್ತು, ಆ ಕಡೆ ಬ್ಯಾಂಕನ್ನು ಕೇಳಿ’. ಆ್ಯಪ್‌ನವರನ್ನು ಕೇಳಿದರೆ ‘ಬ್ಯಾಂಕಿನ ಸಮಸ್ಯೆ, ಕಾಯಿರಿ’. ತೂಕ ಕಮ್ಮಿ ಬಂದಾಗ ಕಿರಾಣಿ ಅಂಗಡಿಯವರು ‘ತಕ್ಕಡಿ ಡೌನ್’ ಅಂದ್ರೆ ಯಾರಾದ್ರೂ ಒಪ್ತಾರಾ?

ಈ ನೆಪಕ್ಕೆ ರಿಸರ್ವ್ ಬ್ಯಾಂಕ್ 2019ರಲ್ಲೇ ಬಾಗಿಲು ಹಾಕಿದೆ. ಆ ವರ್ಷದ ಸೆಪ್ಟೆಂಬರ್ 20ರ ಸುತ್ತೋಲೆ ಪ್ರಕಾರ, ಗ್ರಾಹಕರ ತಪ್ಪಿಲ್ಲದೆ ಅರ್ಧಕ್ಕೆ ನಿಂತದ್ದೇ ‘ವಿಫಲ ವಹಿವಾಟು’. ಅದಕ್ಕೆ ಕೊಟ್ಟಿರುವ ಉದಾಹರಣೆಗಳೇ ಸಂಪರ್ಕ ಕಡಿತ, ಟೈಮ್‌ಔಟ್, ಎಟಿಎಂನಲ್ಲಿ ಹಣ ಇಲ್ಲದಿರುವುದು. ಅಂದರೆ ‘ನೆಟ್‌ವರ್ಕ್ ಇರಲಿಲ್ಲ’ ಅಂದಾಗ, ಗ್ರಾಹಕರ ತಪ್ಪಿಲ್ಲ ಅಂತ ಬ್ಯಾಂಕೇ ಒಪ್ಪಿಕೊಂಡ ಹಾಗೆ.

ಅಂಗಡಿಗೆ ಮಾಡಿದ ಯುಪಿಐ ಪಾವತಿ ಹೀಗೆ ಸಿಕ್ಕಿಕೊಂಡರೆ 5 ದಿನದೊಳಗೆ ಹಣ ವಾಪಸ್ ಬರಬೇಕು. ಎಟಿಎಂಗೂ ಅಷ್ಟೇ. ಒಬ್ಬರಿಂದೊಬ್ಬರಿಗೆ ಕಳಿಸಿದ್ದಾದರೆ ಮರುದಿನದೊಳಗೆ. ಗಡುವು ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅದನ್ನೂ ಗ್ರಾಹಕರು ಅರ್ಜಿ ಹಾಕಲಿ ಅಂತ ಕಾಯದೆ ತಾನಾಗಿಯೇ ಖಾತೆಗೆ ಹಾಕಬೇಕು. ಇದನ್ನು ಕೌಂಟರ್‌ನಲ್ಲಿ ಎಷ್ಟು ಜನ ಬಾಯಿಬಿಟ್ಟು ಹೇಳ್ತಾರೋ!

80 ರೂಪಾಯಿಗೋಸ್ಕರ ಅರ್ಧ ದಿನ ಅಂಗಡಿ ಮುಚ್ಚಿ ಅಲೆಯೋರು ಯಾರು? ನೆಪ ನಡೆಯೋದೇ ಈ ಲೆಕ್ಕದ ಮೇಲೆ. ಆದರೆ 8,000 ರೂಪಾಯಿ ಸಿಕ್ಕಿಕೊಂಡಾಗಲೂ ಬರೋ ಉತ್ತರ ಅದೇ.

ದುಡ್ಡು ಕಟ್ ಆದವರು ಯುಪಿಐ ವಹಿವಾಟು ಸಂಖ್ಯೆ ಕಾಣುವ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಮೊದಲು ಆ್ಯಪ್‌ನಲ್ಲಿ, ಆಮೇಲೆ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಬಾಯಿಮಾತಿನ ದೂರಿಗೆ ಲೆಕ್ಕವಿಲ್ಲ. ಅಂಗಡಿಯವರು ಗಿರಾಕಿಗೆ ಇಷ್ಟು ಹೇಳಿಕೊಟ್ಟರೂ ಸಾಕು. 30 ದಿನದಲ್ಲಿ ಬ್ಯಾಂಕಿನಿಂದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಶುಲ್ಕ ಇಲ್ಲ. ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು.

ನಂಬರ್ ತಪ್ಪಾಗಿ ಒತ್ತಿ ಬೇರೆಯವರಿಗೆ ಕಳಿಸಿದ್ದರೆ ಈ ಪರಿಹಾರ ಸಿಗಲ್ಲ. ಇನ್ನು ಗೂಗಲ್‌ನಲ್ಲಿ ಹುಡುಕಿ ಸಿಕ್ಕ ‘ಕಸ್ಟಮರ್ ಕೇರ್’ ನಂಬರಿಗೆ ಫೋನ್ ಹಚ್ಚಬೇಡಿ, ದುಡ್ಡು ವಾಪಸ್ ಕೊಡ್ತೀವಿ ಅಂತ ಪಿನ್ ಕೇಳೋರು ಅಲ್ಲೇ ಕಾದಿರ್ತಾರೆ.