ಕೃಷ್ಣದ್ರವ್ಯದ ಶೋಧವೂ ಮಾದರಿಯ ಹೊಣೆಯೂ

ಯುರೇನಸ್ ಗ್ರಹವು ಗಣಿತವು ವಿಧಿಸಿದ ಪಥದಿಂದ ತುಸುತುಸುವೇ ಸರಿಯುತ್ತಿರುವುದನ್ನು ಕಂಡು, ಅದನ್ನು ಸೆಳೆಯುವ ಅಗೋಚರ ಗ್ರಹವೊಂದು ಇರಲೇಬೇಕೆಂದು ತರ್ಕಿಸಿದ ಫ್ರಾನ್ಸಿನ ಲ ವೆರ್ಯೇ, ಅದರ ಸ್ಥಾನವನ್ನೂ ಗಣಿಸಿ ತಿಳಿಸಲಾಗಿ, 1846ರಲ್ಲಿ ಬರ್ಲಿನ್ ವೀಕ್ಷಣಾಲಯದ ಗಾಲೆ ಆ ಸ್ಥಾನದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನನ್ನು ಕಂಡನು. ಬುಧನ ಕಕ್ಷೆಯ ಅಲ್ಪ ವ್ಯತ್ಯಯಕ್ಕೂ ಇಂಥದೇ ಕಾರಣವನ್ನು ಊಹಿಸಿದ ಅದೇ ಲ ವೆರ್ಯೇ ಸೂರ್ಯನ ಸಮೀಪದಲ್ಲಿ ವಲ್ಕನ್ ಎಂಬ ಗ್ರಹವನ್ನು ಕಲ್ಪಿಸಿದನಾದರೂ, ದಶಕಗಳ ಕಾಲ ಅರಸಿದವರಿಗೆ ಅದು ದೊರೆಯಲಿಲ್ಲ. 1915ರಲ್ಲಿ ಐನ್‌ಸ್ಟೈನನು ಗುರುತ್ವದ ಸಿದ್ಧಾಂತವನ್ನೇ ಹೊಸದಾಗಿ ರಚಿಸಿದಾಗ ಹೊಸ ಗ್ರಹದ ಹಂಗಿಲ್ಲದೆಯೇ ಆ ವ್ಯತ್ಯಯಕ್ಕೆ ಸಮಾಧಾನ ದೊರೆಯಿತು.

ಕೃಷ್ಣದ್ರವ್ಯದ ಅನ್ವೇಷಕರ ಮುಂದಿರುವುದೂ ಇದೇ ಕವಲು. ಕೋಮಾ ಗುಚ್ಛದ ಗೆಲಾಕ್ಸಿಗಳು ಗೋಚರದ್ರವ್ಯದ ಗುರುತ್ವವು ಹಿಡಿದಿಡಲಾರದಷ್ಟು ವೇಗದಿಂದ ಸಂಚರಿಸುವುದನ್ನು 1933ರಲ್ಲಿ ಫ್ರಿಟ್ಸ್ ಜ್ವಿಕಿಯೂ, ದೇವಯಾನಿ ಗೆಲಾಕ್ಸಿಯ ಹೊರವಲಯದಲ್ಲಿ ವೇಗವು ನಿರೀಕ್ಷೆಯಂತೆ ಕುಗ್ಗದಿರುವುದನ್ನು 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡರೂ ತೋರಿಸಿದರು. ಕಾಣದ ದ್ರವ್ಯವುಂಟೆನ್ನಬೇಕೋ, 1983ರಲ್ಲಿ ಭೌತವಿಜ್ಞಾನಿ ಮಿಲ್ಗ್ರೋಮ್ ಸೂಚಿಸಿದಂತೆ ಗುರುತ್ವದ ನಿಯಮವನ್ನೇ ತಿದ್ದಬೇಕೋ? ಎರಡು ಗೆಲಾಕ್ಸಿ ಗುಚ್ಛಗಳು ಡಿಕ್ಕಿಯಾದ ಬುಲೆಟ್ ಗುಚ್ಛದಲ್ಲಿ ಬಿಸಿ ಅನಿಲವು ಹಿಂದುಳಿದು, ಬೆಳಕನ್ನು ಬಾಗಿಸುವ ದ್ರವ್ಯರಾಶಿಯು ಬೇರೆಡೆ ಸರಿದಿರುವುದನ್ನು ನೋಡಿದರೆ, ನನ್ನ ಒಲವು ದ್ರವ್ಯದ ಪಕ್ಷದ್ದೇ. ಆದರೆ ದ್ರವ್ಯವುಂಟೆಂಬ ಮಾತ್ರದಿಂದ ಯಾವ ಉಪಕರಣವನ್ನು ಎಲ್ಲಿ ಸ್ಥಾಪಿಸಬೇಕೆಂಬುದು ತಿಳಿಯದು. ಅದನ್ನು ತಿಳಿಸಬಲ್ಲುದು ಮಾದರಿಯೊಂದೇ.

ಕೃಷ್ಣದ್ರವ್ಯವು ವಿಂಪ್ ಎಂಬ ಭಾರವಾದ ಕಣಗಳಿಂದಾದುದೆನ್ನುವ ಮಾದರಿಯು, ಅಂಥ ಕಣವು ಅತಿ ವಿರಳವಾಗಿ ಜೆನಾನ್ ಪರಮಾಣುವಿನ ಬೀಜಕ್ಕೆ ತಾಗಿ ಕಿರುಮಿಂಚನ್ನು ಹೊಮ್ಮಿಸಬೇಕೆಂದು ಹೇಳಿದುದರಿಂದಲೇ, ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಹಳೆಯ ಚಿನ್ನದ ಗಣಿಯ ಸುಮಾರು 1.5 ಕಿಲೋಮೀಟರ್ ಆಳದಲ್ಲಿ 7 ಟನ್ ದ್ರವ ಜೆನಾನನ್ನು ಕಾವಲಿಟ್ಟಿದ್ದಾರೆ. (ವಿಶ್ವಕಿರಣಗಳ ಗದ್ದಲವನ್ನು ತಡೆಯಲು ಅಷ್ಟು ಆಳವೇಕೆಂಬುದು, 1965ರಲ್ಲಿ ವಾಯುಮಂಡಲದ ನ್ಯೂಟ್ರಿನೋಗಳನ್ನು ಗುರುತಿಸಿದ ಕೋಲಾರದ ಗಣಿಯ ನಾಡಿನವರಿಗೆ ಹೊಸತಲ್ಲ.) ವಿಂಪ್ ಇನ್ನೂ ಸಿಕ್ಕಿಲ್ಲ. ಆದಾಗ್ಯೂ ಇದನ್ನು ಹಣದ ಅಪವ್ಯಯವೆನ್ನುವವರ ಮಾತನ್ನು ನಾನು ಒಪ್ಪಲಾರೆ. ಏನನ್ನು ಕಾಣಬೇಕೆಂದು ಮಾದರಿಯು ಮುಂಚಿತವಾಗಿ ಸಾರಿದ್ದರಿಂದಲೇ, ಕಾಣದಿದ್ದುದೂ ಜ್ಞಾನವಾಗಿ, ಕಣವಿರಬಹುದಾದ ಅವಕಾಶವು ಕಿರಿದಾಗಿದೆ.

ಆದರೆ ಪ್ರತಿ ವೈಫಲ್ಯದ ತರುವಾಯವೂ ಕಣದ ಪ್ರಭಾವವನ್ನು ಉಪಕರಣದ ಎಟುಕಿಗಿಂತ ಕೊಂಚ ಕೆಳಕ್ಕೆ ಇಳಿಸಿ, ಮಾದರಿಯನ್ನು ಸೋಲಿನಿಂದ ಪಾರುಮಾಡುತ್ತ ಹೋಗುವ ಕ್ರಮಕ್ಕೆ ನನ್ನ ಸಮ್ಮತಿಯಿಲ್ಲ. ಸಾರ್ವಜನಿಕ ಧನವನ್ನು ಬೇಡುವ ವಿಜ್ಞಾನಿಗಳು, ಯಾವ ಫಲಿತಾಂಶ ಬಂದಲ್ಲಿ ತಮ್ಮ ಮಾದರಿಯನ್ನು ತ್ಯಜಿಸುವರೆಂಬುದನ್ನು ಮೊದಲೇ ಬರೆದಿಡಬೇಕು. ಇದು ಅಸಾಧ್ಯವಾದ ನಿಯಮವಲ್ಲ. ಆಕ್ಸಿಯಾನ್ ಎಂಬ ಅತ್ಯಂತ ಹಗುರವಾದ ಕಣವನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅರಸುತ್ತಿರುವವರು, ಪ್ರಬಲ ಕಾಂತಕ್ಷೇತ್ರದಲ್ಲಿಟ್ಟ ಲೋಹದ ಪಾತ್ರೆಯನ್ನು ಒಂದೊಂದೇ ಆವೃತ್ತಿಗೆ ಹೊಂದಿಸಿ ಕಿವಿಗೊಟ್ಟು, ಮಾದರಿಯು ನುಡಿದ ತೀವ್ರತೆಯ ಸಂಕೇತ ಅಲ್ಲಿಲ್ಲವೆಂದಾದರೆ, ಕಣಕ್ಕೆ ಆ ಆವೃತ್ತಿಗೆ ತಕ್ಕ ತೂಕವಿರಲಾರದೆಂದು ಪ್ರಕಟಿಸಿ ಮುಂದಿನ ಆವೃತ್ತಿಗೆ ಸಾಗುತ್ತಾರೆ.