ಆ್ಯಪಿಗೂ ಬೇಕು ಲೆಕ್ಕಪರಿಶೋಧನೆ

ನಮ್ಮ ವರ್ತಕ ಬಾಂಧವರಲ್ಲಿ ಅನೇಕರು ಇಂದು ತಮ್ಮ ಮಾರಾಟ ಪ್ರತಿನಿಧಿಗಳ ಕೈಗೆ ಆರ್ಡರ್ ಪುಸ್ತಕದ ಬದಲು ಮೊಬೈಲ್ ಆ್ಯಪ್ ಕೊಟ್ಟಿದ್ದಾರೆ. ಪ್ರತಿನಿಧಿಯು ಗಿರಾಕಿಯ ಅಂಗಡಿಯಿಂದಲೇ ಆರ್ಡರ್ ಕಳುಹಿಸುತ್ತಾನೆ. ಬಿಲ್ಲು, ದಾಸ್ತಾನು, ಬಾಕಿ ವಸೂಲಿ ಎಲ್ಲವೂ ಅದರ ಬೆನ್ನಿಗೇ ನಡೆಯುತ್ತವೆ. ಇದು ಸ್ವಾಗತಾರ್ಹ ಬೆಳವಣಿಗೆಯೇ ಸರಿ. ಆದರೆ ಆ್ಯಪ್ ಮಾಡಿಸುವಾಗ ಅದರ ಅಂದ, ದರ ಮತ್ತು ಬಿಡುಗಡೆಯ ದಿನಾಂಕದ ಬಗ್ಗೆ ತೋರುವ ಆಸಕ್ತಿಯನ್ನು ಅದರ ಪರೀಕ್ಷೆಯ ಬಗ್ಗೆ ನಾವು ತೋರುತ್ತಿಲ್ಲವೆಂಬುದು ನನ್ನ ಅನುಭವ.

ನನ್ನ ಕಕ್ಷಿದಾರರೊಬ್ಬರು ಸಗಟು ವಿತರಕರು. ಅವರ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ಒಂದೇ ಗಿರಾಕಿಗೆ, ಒಂದೇ ದಿನ, ಒಂದೇ ಮೊತ್ತದ ಎರಡೆರಡು ಬಿಲ್ಲುಗಳು ಅಲ್ಲಲ್ಲಿ ಕಂಡುಬಂದವು. ಕಾರಣ ಹುಡುಕಿದಾಗ ತಿಳಿದದ್ದಿಷ್ಟು: ನೆಟ್‌ವರ್ಕ್ ದುರ್ಬಲವಾಗಿರುವ ಊರುಗಳಲ್ಲಿ ಪ್ರತಿನಿಧಿ ಆರ್ಡರ್ ಕಳುಹಿಸುತ್ತಾನೆ. ಅದು ಸರ್ವರನ್ನು ತಲುಪುತ್ತದೆ; ಆದರೆ ತಲುಪಿತೆಂಬ ಉತ್ತರ ಫೋನಿಗೆ ಮರಳುವ ಮೊದಲೇ ಸಂಪರ್ಕ ಕಡಿದುಹೋಗುತ್ತದೆ. ಹೋಗಲಿಲ್ಲವೆಂದು ತಿಳಿದು ಆತ ಮತ್ತೊಮ್ಮೆ ಕಳುಹಿಸುತ್ತಾನೆ. ಗೋದಾಮಿನಿಂದ ಮಾಲು ಹೊರಟದ್ದು ಒಂದೇ ಬಾರಿ. ತೆರಿಗೆ ಪಾವತಿಯಾದದ್ದು ಎರಡು ಬಾರಿ!

ಇ-ಇನ್‌ವಾಯ್ಸನ್ನು ಪೋರ್ಟಲಿನಲ್ಲಿ ರದ್ದುಪಡಿಸಲು ಇರುವ ಅವಕಾಶ 24 ಗಂಟೆ ಮಾತ್ರ. ಅದು ಮೀರಿದರೆ ಕ್ರೆಡಿಟ್ ನೋಟಿನ ಮೊರೆ ಹೋಗಬೇಕು. ಅದಕ್ಕೂ ಸಿ.ಜಿ.ಎಸ್.ಟಿ. ಕಾಯ್ದೆಯ 34ನೇ ಕಲಮಿನಂತೆ, ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವುಗಳಲ್ಲಿ ಯಾವುದು ಮೊದಲೋ ಅದೇ ಗಡುವು. ಹಿಂದಿನ ವರ್ಷದ ಕೆಲವು ಬಿಲ್ಲುಗಳು ಈ ಗಡುವನ್ನು ದಾಟಿದ್ದವು. ಆ ಹಣ ಹೋದದ್ದೇ.

ಆ್ಯಪ್ ತಯಾರಿಸಿದವರನ್ನು ವಿಚಾರಿಸಿದರೆ, “ಎಲ್ಲವನ್ನೂ ಪರೀಕ್ಷಿಸಿಯೇ ಕೊಟ್ಟಿದ್ದೇವೆ ಸಾರ್” ಎಂದರು. ಅದು ಸುಳ್ಳಲ್ಲ. ಆ್ಯಪ್ ತನ್ನಷ್ಟಕ್ಕೆ ಸರಿಯಿತ್ತು, ಸರ್ವರ್ ತನ್ನಷ್ಟಕ್ಕೆ ಸರಿಯಿತ್ತು, ಬಿಲ್ಲಿಂಗ್ ಸಾಫ್ಟ್‌ವೇರೂ ಸರಿಯಿತ್ತು. ದೋಷವಿದ್ದದ್ದು ಅವು ಪರಸ್ಪರ ಕೂಡುವ ಜಾಗದಲ್ಲಿ.

ಲೆಕ್ಕಪರಿಶೋಧಕರಾದ ನಮಗೆ ಇದು ಹೊಸ ಪಾಠವಲ್ಲ. ವೋಚರುಗಳನ್ನು ಬೇರೆಯಾಗಿ, ಲೆಡ್ಜರನ್ನು ಬೇರೆಯಾಗಿ ನೋಡಿದರೆ ಸಾಲದೆಂದು ನಾವು ಒಂದು ವ್ಯವಹಾರವನ್ನು ಆರಿಸಿಕೊಂಡು, ಆರ್ಡರಿನಿಂದ ಹಣ ಜಮೆಯಾಗುವವರೆಗೆ ಅದರ ಹೆಜ್ಜೆ ಹಿಡಿದು ಹೋಗುತ್ತೇವೆ. ಸಾಫ್ಟ್‌ವೇರ್ ಕ್ಷೇತ್ರದವರು ‘ಎಂಡ್-ಟು-ಎಂಡ್ ಟೆಸ್ಟಿಂಗ್’ ಎನ್ನುವುದೂ ಇದನ್ನೇ. ಇದನ್ನು ಯಂತ್ರದಿಂದಲೇ ಮಾಡಿಸುವ ಸಾಧನಗಳು ಇಂದು ಲಭ್ಯವಿವೆ. ಆಂಡ್ರಾಯ್ಡ್ ಫೋನುಗಳಿಗೆ ಗೂಗಲ್ ಸಂಸ್ಥೆಯ ಎಸ್ಪ್ರೆಸೊ, ಐಫೋನಿಗೆ ಆಪಲ್ ಸಂಸ್ಥೆಯ ಎಕ್ಸ್‌ಸಿಯುಐಟೆಸ್ಟ್, ಎರಡಕ್ಕೂ ಸಲ್ಲುವ ಆಪಿಯಂ ಇವುಗಳಲ್ಲಿ ಮುಖ್ಯವಾದವು. ಆಪಿಯಂ ಮುಕ್ತ ತಂತ್ರಾಂಶವಾದುದರಿಂದ ಪರವಾನಗಿ ಶುಲ್ಕವಿಲ್ಲ. ಮನುಷ್ಯನಂತೆಯೇ ಲಾಗಿನ್ ಆಗಿ, ಸರಕು ಆರಿಸಿ, ಆರ್ಡರ್ ಕಳುಹಿಸಿ, ಬಿಲ್ಲಿನ ಮೊತ್ತ ಸರಿಯಿದೆಯೇ ಎಂದು ತಾಳೆ ನೋಡುವ ಕೆಲಸವನ್ನು ಇವು ಬೇಸರವಿಲ್ಲದೆ ಎಷ್ಟು ಬಾರಿಯಾದರೂ ಮಾಡುತ್ತವೆ.

ಮತ್ತೆ ಮತ್ತೆ ಏಕೆ ಎಂದು ಕೇಳಬಹುದು. 2025ರ ಸೆಪ್ಟೆಂಬರ್ 22ರಂದು ಜಿ.ಎಸ್.ಟಿ. ದರಗಳು ಬದಲಾದುದನ್ನು ನೆನಪಿಸಿಕೊಳ್ಳಿ. ಅನೇಕ ಸರಕುಗಳು ಶೇ. 12ರಿಂದ ಶೇ. 5ಕ್ಕೂ, ಶೇ. 28ರಿಂದ ಶೇ. 18ಕ್ಕೂ ಇಳಿದವು. ಆ್ಯಪಿನಲ್ಲಿ ದರ ತಿದ್ದುವುದು ಸುಲಭ. ಆದರೆ ಅದಕ್ಕೆ ಮುಂಚೆ ಮಾರಿದ ಮಾಲು ವಾಪಸು ಬಂದಾಗ ಕ್ರೆಡಿಟ್ ನೋಟಿನಲ್ಲಿ ಹಳೆಯ ದರವೇ ಬರಬೇಕಲ್ಲವೇ? ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಕೆಡುವುದು ಸಾಫ್ಟ್‌ವೇರಿನ ಜಾಯಮಾನ. ಪ್ರತಿ ತಿದ್ದುಪಡಿಗೂ ಎಲ್ಲವನ್ನೂ ಕೈಯಿಂದ ಪರೀಕ್ಷಿಸುವ ವ್ಯವಧಾನ ಯಾರಿಗೂ ಇಲ್ಲ.

ಆದುದರಿಂದ ಆ್ಯಪ್ ಮಾಡಿಸುವ ಸದಸ್ಯರು ಕರಾರು ಪತ್ರದಲ್ಲಿಯೇ ಈ ಕೆಲವು ಷರತ್ತುಗಳನ್ನು ಸೇರಿಸುವುದು ಒಳಿತು. ಮೊದಲನೆಯದಾಗಿ, ಹಣಕ್ಕೆ ಸಂಬಂಧಿಸಿದ ನಾಲ್ಕೈದು ಮುಖ್ಯ ವ್ಯವಹಾರಗಳನ್ನು, ಅಂದರೆ ಆರ್ಡರ್, ಬಿಲ್ಲು, ಹಣ ಸ್ವೀಕೃತಿ, ಮಾಲು ವಾಪಸಾತಿಗಳನ್ನು ಆದಿಯಿಂದ ಅಂತ್ಯದವರೆಗೆ ಸ್ವಯಂಚಾಲಿತವಾಗಿ ಪರೀಕ್ಷಿಸುವ ವ್ಯವಸ್ಥೆಯಿರಬೇಕು. ಎರಡನೆಯದಾಗಿ, ನಡುವೆ ಸಂಪರ್ಕ ಕಡಿದು ಅದೇ ಆರ್ಡರನ್ನು ಮತ್ತೆ ಕಳುಹಿಸಿದರೂ ಒಂದೇ ಬಿಲ್ಲು ಹುಟ್ಟುವುದೆಂದು ಪರೀಕ್ಷೆ ತೋರಿಸಬೇಕು. ಪ್ರತಿ ಆರ್ಡರಿಗೂ ಫೋನಿನಲ್ಲಿಯೇ ಒಂದು ಪ್ರತ್ಯೇಕ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೆಯ ಬಾರಿ ಬಂದರೆ ಸರ್ವರ್ ನಿರಾಕರಿಸುವಂತೆ ಮಾಡಿದರೆ ಇದು ಸಾಧ್ಯ. ಮೂರನೆಯದಾಗಿ, ಪರೀಕ್ಷೆಯು ನಿಜವಾದ ಲೆಕ್ಕಪುಸ್ತಕದ ಮೇಲಲ್ಲ, ಪ್ರತ್ಯೇಕ ಸರ್ವರಿನಲ್ಲಿ ನಡೆಯಬೇಕು. ಪರೀಕ್ಷೆಗೆಂದು ಇಟ್ಟ ಒ.ಟಿ.ಪಿ. ನಿಜವಾದ ಆ್ಯಪಿನಲ್ಲಿ ಎಂದಿಗೂ ಚಲಿಸಬಾರದು. ನಾಲ್ಕನೆಯದಾಗಿ, ನಮ್ಮ ಪ್ರತಿನಿಧಿಗಳು ಬಳಸುವ ಅಗ್ಗದ ಫೋನುಗಳಲ್ಲಿಯೂ ಪರೀಕ್ಷೆಯಾಗಬೇಕು. ಕೊನೆಯದಾಗಿ, ಪರೀಕ್ಷೆಯ ಕೋಡ್ ನಮ್ಮ ಸ್ವತ್ತಾಗಿರಬೇಕು. ನಾಳೆ ಬೇರೊಬ್ಬರಿಗೆ ಕೆಲಸ ವಹಿಸಿದರೂ ಅದು ನಮ್ಮಲ್ಲಿಯೇ ಉಳಿಯುತ್ತದೆ.

ಇದರಿಂದ ವೆಚ್ಚ ಹೆಚ್ಚುವುದೆಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆ್ಯಪಿನ ಪರದೆ ಬದಲಾದಾಗಲೆಲ್ಲ ಪರೀಕ್ಷೆಯನ್ನೂ ತಿದ್ದಬೇಕಾಗುತ್ತದೆ. ಕೆಲವೊಮ್ಮೆ ಆ್ಯಪ್ ಸರಿಯಿದ್ದರೂ ಪರೀಕ್ಷೆ ವಿಫಲವೆಂದು ತೋರಿಸುವುದುಂಟು. ಅಂತಹ ಹುಸಿ ಎಚ್ಚರಿಕೆಗಳು ಹೆಚ್ಚಾದರೆ ಯಾರೂ ಅವುಗಳತ್ತ ಗಮನ ಕೊಡುವುದಿಲ್ಲ. ನೂರು ಪರೀಕ್ಷೆಗಳ ಆಸೆಗೆ ಬೀಳದೆ ನಾಲ್ಕೈದರಿಂದ ಆರಂಭಿಸಿ ಎನ್ನುವುದು ಈ ಕಾರಣಕ್ಕೇ. ಯಂತ್ರ ಪರೀಕ್ಷಿಸುತ್ತದೆಯೆಂದು ಮನುಷ್ಯನ ಕಣ್ಣು ಬೇಡವೆಂದೂ ಅಲ್ಲ. ಆ್ಯಪ್ ಬಳಸಲು ತೊಡಕಾಗಿದೆಯೇ ಎಂಬುದನ್ನು ನಿಮ್ಮ ಪ್ರತಿನಿಧಿಯೇ ಹೇಳಬೇಕು.

ಗೋದಾಮಿಗೆ ಬಂದ ಮಾಲನ್ನು ತೂಕ ಮಾಡದೆ ಹಣ ಕೊಡುವ ವರ್ತಕರು ನಮ್ಮಲ್ಲಿಲ್ಲ. ಆ್ಯಪ್ ಸಹ ನಾವು ಹಣ ಕೊಟ್ಟು ಕೊಂಡ ಮಾಲೇ. ಈ ಪರೀಕ್ಷೆಗಳು ನಮ್ಮ ಕಣ್ಣೆದುರು ನಡೆದು ಉತ್ತೀರ್ಣವಾಗುವವರೆಗೆ ಕೊನೆಯ ಕಂತನ್ನು ತಡೆಹಿಡಿಯುವ ಪದ್ಧತಿಯನ್ನು ಸದಸ್ಯರು ರೂಢಿಸಿಕೊಳ್ಳಲೆಂಬುದು ನನ್ನ ವಿನಮ್ರ ಸಲಹೆ.